ಅತ್ತೆಯ ಸೀಟಿ, ಮಾವನ ಸೀಟಿ

ಮನೆಯಿಂದ ಕ್ರೀಡಾಂಗಣದವರೆಗೆ ಇಬ್ಬರೂ ತುಟಿ ಎರಡು ಮಾಡಲಿಲ್ಲ. ಗಂಡ ಹೆಂಡತಿ ಮಾತು ಬಿಡುವುದು ಯಾವ ಮನೆಯಲ್ಲಿಲ್ಲ ಹೇಳಿ. ಎರಡು ದಿನ ಅಡುಗೆಮನೆಯ ಪಾತ್ರೆಗಳು ಇಬ್ಬರ ಪರವಾಗಿ ಸದ್ದು ಮಾಡುತ್ತವೆ, ಆಮೇಲೆ ಯಾರೋ ಒಬ್ಬರು ಕತ್ತರಿ ಎಲ್ಲಿಟ್ಟಿದ್ದೀಯ ಅಂತ ಕೇಳುತ್ತಾರೆ, ಅಲ್ಲಿಗೆ ರಾಜಿ. ಆದರೆ ಇವರಿಬ್ಬರೂ ಬ್ಯಾಸ್ಕೆಟ್‌ಬಾಲ್ ರೆಫರಿಗಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ಕಾಲೇಜು ಹುಡುಗಿಯರ ಸೆಮಿಫೈನಲ್‌ನಲ್ಲಿ ಜೋಡಿಯಾಗಿ ಸೀಟಿ ಊದಬೇಕಾದವರು. ಮಾತು ಬಿಡುವುದಕ್ಕೆ ಇದಕ್ಕಿಂತ ಕೆಟ್ಟ ದಿನ ಹುಡುಕಿದರೂ ಸಿಗುತ್ತಿರಲಿಲ್ಲ.

ಸೀಟಿ ಬಿಟ್ಟರೆ ಇಬ್ಬರಿಗೂ ಹೊಟ್ಟೆಪಾಡಿನ ಕೆಲಸ ಬೇರೆ ಇತ್ತು. ಅವನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಲಿಯುವವರ ಪಕ್ಕ ಕೂರುವ ಅವನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತದೇ ಇರುವುದೇ ಅವನ ವಿದ್ಯೆ. ಕಾರು ಚರಂಡಿಯ ಕಡೆ ವಾಲಿದರೆ ಅವನು ಉಸಿರೆಳೆದು ಕೆನ್ನೆ ಉಬ್ಬಿಸುತ್ತಾನೆ, ಕಲಿಯುವವರು ತಾವಾಗಿ ತಿರುಗಿಸುವ ತನಕ ಹಾಗೇ ಹಿಡಿದಿಟ್ಟು, ಆಮೇಲೆ ಮೂಗಿನಿಂದ ಮೆಲ್ಲಗೆ ಬಿಡುತ್ತಾನೆ. ಅಂಕಣದಲ್ಲೂ ಅದೇ ಬುದ್ಧಿ. "ಆಡೋಕೆ ಬಿಡ್ಬೇಕು ಕಣೇ. ಮುಟ್ಟಿದ್ದಕ್ಕೆಲ್ಲ ಊದ್ತಾ ಹೋದ್ರೆ ಅದು ಆಟ ಅಲ್ಲ, ಟ್ರಾಫಿಕ್ಕು" ಅನ್ನುವವನು.

ಅವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಮುರಿದ ಮುಂದಿನ ಹಲ್ಲು ಸ್ಟೀಲ್ ತಟ್ಟೆಗೆ ಬಿದ್ದಾಗ ಬರುವ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಮೊಣಕೈ ಆಡಿದ್ದನ್ನು ಕಂಡರೆ ಸಾಕು, ಅವಳ ಕಿವಿಯಲ್ಲಿ ಆ ಟಿಣ್ ಮೊದಲೇ ಕೇಳಿಸಿಬಿಡುತ್ತದೆ, ಸೀಟಿ ತಾನಾಗಿ ಕೂಗುತ್ತದೆ.

ಇಷ್ಟು ದೂರ ದೂರ ಇರುವ ಇಬ್ಬರು ಇಷ್ಟು ವರ್ಷ ಜೋಡಿಯಾಗಿ ನಡೆದುಬಂದದ್ದು ಒಂದೇ ಒಂದು ಕಟ್ಟಳೆಯಿಂದ. ಆಟಕ್ಕೆ ಮುಂಚೆ ರೆಫರಿಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಇವತ್ತು ಯಾವುದಕ್ಕೆ ಊದುವುದು, ಯಾವುದನ್ನು ಬಿಡುವುದು ಅಂತ ತೀರ್ಮಾನ ಮಾಡಿಕೊಳ್ಳಬೇಕು. ಎದುರಾಳಿಯ ಸೊಂಟದ ಮೇಲೆ ಕೈ ಇಟ್ಟರೆ? ಚೆಂಡಿಲ್ಲದವಳನ್ನು ಹೆಗಲಿಂದ ತಳ್ಳಿದರೆ? ಅವಳು ಒಂದಿಷ್ಟು ಸಡಿಲ ಮಾಡುತ್ತಿದ್ದಳು, ಅವನು ಒಂದಿಷ್ಟು ಬಿಗಿ ಮಾಡುತ್ತಿದ್ದ. ಕಿತ್ತಾಡಿದರೂ ಹೊರಗೆ ಬರುವಾಗ ಇಬ್ಬರ ಅಳತೆ ಒಂದೇ ಆಗಿರುತ್ತಿತ್ತು. ಈ ಕಟ್ಟಳೆ ಮಾಡಿದವರು ರೆಫರಿಗಳನ್ನು ಆಟಗಳಿಗೆ ಹಂಚುವ ಹಿರಿಯಾಕೆ. ತಾವೂ ಒಂದು ಕಾಲಕ್ಕೆ ಊದಿ ದಣಿದವರು. ರೆಫರಿಗಳೆಲ್ಲ ಆಕೆಯನ್ನು ದೊಡ್ಡಮ್ಮ ಅನ್ನುತ್ತಿದ್ದರು. ಮಾತಾಡಿಕೊಳ್ಳದೆ ಅಂಕಣಕ್ಕೆ ಇಳಿದವರಿಗೆ ದೊಡ್ಡಮ್ಮ ಮುಂದಿನ ಆಟ ಕೊಡುತ್ತಿರಲಿಲ್ಲ.

ಹೋದ ತಿಂಗಳು ಗಂಡನ ಕಣ್ಣೆದುರೇ ಒಬ್ಬ ಹುಡುಗಿಯ ಹುಬ್ಬು ಸೀಳಿತು. ಅವನು ಊದಿರಲಿಲ್ಲ. ಅಂದಿನಿಂದ ಅವಳ ಮನಸ್ಸು ಕೂತಲ್ಲಿ ಕೂರಲಿಲ್ಲ. ಕೊನೆಗೆ ದೊಡ್ಡಮ್ಮನ ಬಳಿ ಹೋಗಿ, ತನಗೆ ಬೇರೆ ಜೋಡಿ ಕೊಡಿ ಅಂತ ಕೇಳಿಬಂದಳು. ಗಂಡನಿಗೆ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ತಳ್ಳಿದಳು. ಇವತ್ತು ಬೆಳಿಗ್ಗೆ ಅವಳು ಸ್ನಾನದಲ್ಲಿದ್ದಾಗ ಫೋನ್ ಬಂತು, ಅವನು ಎತ್ತಿಕೊಂಡ. ಅವನಿಗೆ ಎಲ್ಲ ಗೊತ್ತೇ ಇರುತ್ತದೆ ಅಂದುಕೊಂಡ ದೊಡ್ಡಮ್ಮ, ಇವತ್ತಿನ ಆಟ ನೋಡಲು ನಾನೇ ಬರುತ್ತೇನೆ, ಜೋಡಿ ಬದಲಿಸುವ ವಿಷಯ ಆಟ ಮುಗಿದ ಮೇಲೆ ಅವಳೇ ಗಟ್ಟಿಮಾಡಿ ಹೇಳಲಿ ಅಂತ ಹೇಳಿ ಇಟ್ಟುಬಿಟ್ಟರು.

ಒದ್ದೆ ಕೂದಲಲ್ಲಿ ಹೊರಗೆ ಬಂದವಳಿಗೆ ಅವನು ಹೇಳಿದ್ದು ಒಂದೇ ಮಾತು. "ನನ್ ಜೊತೆ ಊದೋಕೆ ನಾಚಿಕೆ ಆಗಿದ್ರೆ ನಂಗೇ ಹೇಳ್ಬೋದಿತ್ತು." ಆಮೇಲೆ ಬಾಯಿಗೆ ಬೀಗ.

ರೆಫರಿಗಳ ಕೋಣೆಯಲ್ಲಿ ಎರಡು ಕುರ್ಚಿ ಎದುರುಬದುರು ಇದ್ದವು. ಅವನು ತನ್ನದನ್ನು ಗೋಡೆಯ ಕಡೆ ತಿರುಗಿಸಿ ಕೂತು ಬೂಟಿನ ದಾರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಅವಳು ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ನಡೆದಳು. ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ಅಲ್ಲಿಂದ ಮುಂದಕ್ಕೆ ಬರುತ್ತಿರಲಿಲ್ಲ. ಅವನೇ ಮೊದಲು ಆಡಲಿ ಅಂತ ಅವಳಿಗೆ. ತಪ್ಪು ಅವಳದು, ಅವಳೇ ಆಡಲಿ ಅಂತ ಅವನಿಗೆ. ಹೊರಗೆ ಗಂಟೆ ಹೊಡೆಯಿತು. ಇಬ್ಬರೂ ಎದ್ದು, ಎರಡು ಬೇರೆ ಬೇರೆ ಅಳತೆ ಹಿಡಿದುಕೊಂಡು ಅಂಕಣಕ್ಕೆ ಇಳಿದರು.

ನೀಲಿ ತಂಡಕ್ಕೂ ಬಿಳಿ ತಂಡಕ್ಕೂ ಆಟ. ನೀಲಿಯವರ ಜೀವಾಳವೇ ಡಿಫೆನ್ಸ್. ಮೈಗೆ ಮೈ ಅಂಟಿಸಿ, ಎದುರಾಳಿಗೆ ಉಸಿರಾಡಲು ಜಾಗ ಕೊಡದಂತೆ ಆಡುವವರು. ಅವರಲ್ಲಿ ಒಬ್ಬಳು ಎತ್ತರದ, ಅಗಲ ಹೆಗಲಿನ ಹುಡುಗಿ. ಗ್ಯಾಲರಿಯವರು ಅವಳನ್ನು ಗೋಡೆ ಅಂತಲೇ ಕೂಗುತ್ತಿದ್ದರು. ಬಿಳಿ ತಂಡದ ಆಸೆಯೆಲ್ಲ ಒಬ್ಬ ಪುಟ್ಟ ಹುಡುಗಿಯ ಮೇಲೆ. ಅವಳು ಗುಬ್ಬಿ. ದೊಡ್ಡವರ ಕಂಕುಳ ಕೆಳಗೆ ನುಸುಳಿ ಚೆಂಡು ಹಾಕಿಬರುವವಳು. ಗುಬ್ಬಿಯನ್ನು ತಡೆಯುವುದು ಗೋಡೆಯ ಕೆಲಸ.

ಇಬ್ಬರು ರೆಫರಿಗಳಲ್ಲಿ ಒಬ್ಬರು ಬ್ಯಾಸ್ಕೆಟ್‌ನ ಕೆಳಗೆ ನಿಲ್ಲುತ್ತಾರೆ, ಇನ್ನೊಬ್ಬರು ಹಿಂದೆ, ನಡುಗೆರೆಯ ಹತ್ತಿರ. ಫೌಲ್ ಆದಾಗೆಲ್ಲ ಜಾಗ ಬದಲಾಗುತ್ತದೆ. ಕೆಳಗೆ ನಿಂತವರ ಅಂಗಳದಲ್ಲಿ ಆದದ್ದಕ್ಕೆ ಕೆಳಗೆ ನಿಂತವರೇ ಊದಬೇಕು. ಹಿಂದಿನವರು ಅಲ್ಲಿ ಮೂಗು ತೂರಿಸಬಾರದು. ಮೊದಲ ಕ್ವಾರ್ಟರಿನಲ್ಲಿ ಅವಳು ಕೆಳಗಿದ್ದಾಗ ಗೋಡೆ ಗುಬ್ಬಿಯ ಸೊಂಟಕ್ಕೆ ಕೈ ಇಟ್ಟಳು, ಅವಳು ಊದಿದಳು. ಜಾಗ ಬದಲಾಯಿತು. ಗೋಡೆ ಅದೇ ಸೊಂಟಕ್ಕೆ ಅದೇ ಕೈ ಇಟ್ಟು ಒಂದು ಹೆಜ್ಜೆ ದೂಡಿಯೂಬಿಟ್ಟಳು. ಗಂಡ ನೋಡುತ್ತ ನಿಂತ. ಬಿಳಿಯ ಕೋಚಮ್ಮ ಎರಡೂ ಕೈ ಮೇಲೆತ್ತಿ ಸುಮ್ಮನೆ ಅವನನ್ನೇ ನೋಡಿದರು. ಎರಡೂ ತಂಡದ ಹುಡುಗಿಯರಿಗೆ ಏನು ಮಾಡಿದರೆ ತಪ್ಪು, ಏನು ಮಾಡಿದರೆ ಸರಿ ಅನ್ನುವುದೇ ತಿಳಿಯದೆ ತಾಳ ತಪ್ಪಿತು. ಗ್ಯಾಲರಿಯ ಮೇಲಿನ ಸಾಲಿನಲ್ಲಿ ದೊಡ್ಡಮ್ಮ ಕೈ ಕಟ್ಟಿ ಕೂತಿದ್ದರು.

ನೀಲಿಯ ಕೋಚ್ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ. ಎರಡನೆಯ ಕ್ವಾರ್ಟರಿಗೆ ಮುಂಚೆ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಏನೋ ಪಿಸುಗುಟ್ಟಿದ. ಹುಡುಗಿಯರು ಕಿಸಕ್ಕನೆ ನಕ್ಕರು. ಆಟ ಶುರುವಾದ ಮೇಲೆ ಗೋಡೆ ಒಮ್ಮೆ ಹಿಂದೆ ತಿರುಗಿ ಬ್ಯಾಸ್ಕೆಟ್ ಕೆಳಗೆ ನೋಡಿ, "ಅತ್ತೆ" ಅಂತ ಕೂಗಿದಳು. ನೀಲಿಯ ಐವರೂ ಕೈಗಳನ್ನು ಮೇಲೆತ್ತಿ, ಯಾರನ್ನೂ ಮುಟ್ಟದೆ ಸಾಧುಗಳಂತೆ ನಿಂತರು. ಒಂದು ಫೌಲ್ ಆಗಿ ಜಾಗ ಬದಲಾಯಿತು. "ಮಾವ" ಅಂತ ಕೂಗು ಬಂತು. ಕೈಗಳು ಕೆಳಗಿಳಿದವು, ಹೆಗಲು, ಸೊಂಟ, ಮೊಣಕೈ ಎಲ್ಲ ಕೆಲಸಕ್ಕೆ ಬಂದವು.

ಅದೇನೋ ಅವರ ಡಿಫೆನ್ಸಿನ ಹೆಸರಿರಬೇಕು ಅಂದುಕೊಂಡಿದ್ದಳು ಅವಳು. ನಾಲ್ಕನೆಯ ಸಲ ತಾನು ಬ್ಯಾಸ್ಕೆಟ್ ಕೆಳಗೆ ಹೋಗಿ ನಿಂತ ಕೂಡಲೇ "ಅತ್ತೆ" ಅಂತ ಕೇಳಿದಾಗ ಅವಳ ಕಿವಿ ನೆಟ್ಟಗಾಯಿತು. ಅತ್ತೆ ಅಂದರೆ ತಾನು. ಮಾವ ಅಂದರೆ ನಡುಗೆರೆಯ ಬಳಿ ಮುಖ ಗಂಟು ಹಾಕಿಕೊಂಡು ನಿಂತ ತನ್ನ ಗಂಡ. ಬೆಳಿಗ್ಗೆ ತಮ್ಮ ಮನೆಯೊಳಗೆ ನಡೆದದ್ದನ್ನು ಈ ಚಿಳ್ಳೆಪಿಳ್ಳೆಗಳು ಓದಿ, ಅದರ ಮೇಲೆ ತಮ್ಮ ಬೇಳೆ ಬೇಯಿಸಿಕೊಳ್ಳುತ್ತಿದ್ದಾರೆ. ಅವಳಿಗೆ ಸಿಟ್ಟು ಬಂತು, ನಗುವೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅರ್ಧ ಆಟ ಮುಗಿದಾಗ ಕೋಣೆಗೆ ಬಂದವಳೇ ಅವಳು ಬಾಯಿ ಬಿಟ್ಟಳು.

"ಅವ್ರು ನಮ್ಮನ್ನ ಓದ್ತಿದಾರೆ ರೀ. ನಾನು ಕೆಳಗಿದ್ರೆ ಅತ್ತೆ ಅಂತೆ, ನೀವಿದ್ರೆ ಮಾವ ಅಂತೆ."

ಅವನು ನೀರಿನ ಬಾಟಲಿ ಮುಚ್ಚಿದ. "ಓದ್ಲಿ ಬಿಡು. ಕಾಲೇಜಿಗೆ ಬಂದಿರೋದೇ ಓದೋಕೆ."

"ಈಗ್ಲಾದ್ರೂ ಕೂತು ಮಾತಾಡೋಣ."

"ಏನಂತ ಮಾತಾಡೋದು? ಅತ್ತೆ ಬೇರೆ ಜೋಡಿ ಕೇಳಿದಾಳೆ. ಮಾವ ಏನ್ ಮಾಡ್ತಾನೆ ಪಾಪ."

ಅವಳು ಮತ್ತೆ ಆ ಮೂಲೆಯಿಂದ ಈ ಮೂಲೆಗೆ ನಡೆದಳು.

ಮೂರನೆಯ ಕ್ವಾರ್ಟರಿನಲ್ಲಿ ಆದ ಎಡವಟ್ಟನ್ನು ಮಾಡಲು ಗಂಡ ಹೆಂಡತಿಯೇ ಆಗಿರಬೇಕು, ಬೇರೆ ಯಾವ ರೆಫರಿಗಳಿಂದಲೂ ಆಗುತ್ತಿರಲಿಲ್ಲ. ಕೋಣೆಯಲ್ಲಿದ್ದಾಗಲೇ ಅವಳು ಒಳಗೊಳಗೇ ಲೆಕ್ಕ ಹಾಕಿದ್ದಳು: ಇವನು ಬದಲಾಗುವವನಲ್ಲ, ಎರಡು ಅಳತೆ ಇರುವುದಕ್ಕಿಂತ ತಾನೇ ಸಡಿಲವಾದರೆ ಅಳತೆಯಾದರೂ ಒಂದಾಗುತ್ತದೆ. ಅವನೂ ಅಲ್ಲೇ ಪಕ್ಕದಲ್ಲಿ ಬೂಟಿನ ದಾರ ಎಳೆಯುತ್ತ ಅದೇ ಲೆಕ್ಕ ಹಾಕಿದ್ದ: ಇವಳು ಬದಲಾಗುವವಳಲ್ಲ, ತಾನೇ ಬಿಗಿಯಾಗುವುದು ವಾಸಿ. ಇಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ಹೀಗಾಗಿ ಅಳತೆ ಒಂದಾಗುವ ಬದಲು ಅದಲುಬದಲಾಗಿ ಕೂತಿತು.

"ಮಾವ" ಅಂತ ಕೂಗಿ ಗೋಡೆ ಧೈರ್ಯವಾಗಿ ಗುಬ್ಬಿಯ ಸೊಂಟಕ್ಕೆ ಕೈ ಹಾಕಿದಳು; ಮಾವ ಊದಿದ. ಇನ್ನೊಮ್ಮೆ ಹೆಗಲಿಂದ ತಳ್ಳಿದಳು, ಮತ್ತೆ ಊದಿದ. ಗೋಡೆಗೆ ನಾಲ್ಕು ಫೌಲ್ ಆಯಿತು. ಐದಾದರೆ ಆಟದಿಂದ ಹೊರಗೆ. ಅವಳು ಬಾಯಿ ಬಿಟ್ಟುಕೊಂಡು ತನ್ನ ಕೋಚ್ ಕಡೆ ನೋಡಿದಳು. ಕೋಚ್ ತಲೆಯ ಮೇಲೆ ಕೈ ಹೊತ್ತಿದ್ದ. ಆ ಕಡೆ ಹೆಂಡತಿ ಕೆಳಗೆ ನಿಂತಿದ್ದಾಗ ನೀಲಿಯ ಇನ್ನೊಬ್ಬ ಹುಡುಗಿಯ ಮೊಣಕೈ ಆಡಿತು. ಅವಳ ಕಿವಿಯಲ್ಲಿ ಟಿಣ್ ಅಂದಿತು. ಸೀಟಿ ಹಲ್ಲುಗಳ ನಡುವೆಯೇ ಇತ್ತು. ಅಳತೆ ಒಂದಾಗಲಿ ಅಂತ ಹಲ್ಲು ಕಚ್ಚಿ ತಡೆದುಕೊಂಡಳು.

ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದು ಕೂತುಬಿಟ್ಟಿದ್ದಳು. ಬೆರಳ ಸಂದಿಯಲ್ಲಿ ರಕ್ತ.

ಅವಳು ಆಟ ನಿಲ್ಲಿಸಿ ಓಡಿದಳು. ಮಂಡಿಯೂರಿ, "ಬಾಯಿ ತೆಗಿ ಮಗಳೇ" ಅಂದಳು. ತುಟಿ ಒಡೆದಿತ್ತು. ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಬೆರಳಿಂದ ಒತ್ತಿ ನೋಡಿದಳು. ಯಾವುದೂ ಅಲ್ಲಾಡಲಿಲ್ಲ. ಗಂಡನ ಕಣ್ಣೆದುರು ಸೀಳಿದ ಹುಬ್ಬಿಗಾಗಿ ಬೇರೆ ಜೋಡಿ ಕೇಳಿದವಳು ಅವಳು. ಈ ತುಟಿ ಅವಳ ಕಣ್ಣೆದುರೇ ಒಡೆದಿತ್ತು. ತಲೆ ಎತ್ತಿದಾಗ ಗಂಡ ಪಕ್ಕದಲ್ಲಿ ನಿಂತಿದ್ದ. ಅವನು ಟವೆಲ್ ಚಾಚಿದ. ಒಂದು ಮಾತು ಅಂದುಬಿಟ್ಟಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಕೊನೆಯ ಕ್ವಾರ್ಟರಿನಲ್ಲಿ ಇಬ್ಬರೂ ತಮ್ಮ ತಮ್ಮ ಹಳೆಯ ಬುದ್ಧಿಗೆ ಮರಳಿದರು. ಅವಳು ಊದಿದಳು, ಅವನು ಬಿಟ್ಟ. ಅತ್ತೆ, ಮಾವ ಕೂಗುಗಳೂ ಮರಳಿದವು. ಅವಳಿಗೆ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕಣ್ಣು ಆಟದ ಮೇಲೆ, ಒಂದು ಗಂಡನ ಮೇಲೆ, ಬೆನ್ನ ಮೇಲೆ ದೊಡ್ಡಮ್ಮನ ಕಣ್ಣು. ಆಟ ಮುಗಿದರೆ ಉತ್ತರ ಹೇಳಬೇಕು. ಹೂಂ ಅಂದರೆ ಇವನ ಜೊತೆ ಇದೇ ಕೊನೆಯ ಆಟ. ಊಹೂಂ ಅಂದರೆ ಮತ್ತೆ ಇನ್ಯಾರ ಹುಬ್ಬೋ, ಇನ್ಯಾರ ತುಟಿಯೋ.

ಕೆಲವೇ ಕ್ಷಣ ಉಳಿದಿದ್ದವು. ನೀಲಿ ಒಂದು ಅಂಕ ಮುಂದೆ. ಗಂಡ ಬ್ಯಾಸ್ಕೆಟ್ ಕೆಳಗೆ, ಅವಳು ದೂರದಲ್ಲಿ, ನಡುಗೆರೆಯ ಹತ್ತಿರ. "ಮಾವ" ಅಂತ ಕೂಗು ಬಂತು. ಊದಿಕೊಂಡ ತುಟಿಯ ಗುಬ್ಬಿ ಒಬ್ಬಳನ್ನು ದಾಟಿ ಒಳಗೆ ನುಗ್ಗಿ ಚೆಂಡಿನ ಜೊತೆ ಮೇಲಕ್ಕೆ ಹಾರಿದಳು. ಗಾಳಿಯಲ್ಲಿದ್ದವಳಿಗೆ ಗೋಡೆ ಸೊಂಟದಿಂದ ಡಿಕ್ಕಿ ಕೊಟ್ಟಳು. ಗುಬ್ಬಿ ಅಂಗಾತ ಬಿದ್ದಳು. ಚೆಂಡು ಬ್ಯಾಸ್ಕೆಟ್‌ನ ಬಳೆಯ ಅಂಚಿಗೆ ಬಡಿದು ಹೊರಗೆ ಬಂತು.

ಅಷ್ಟು ದೂರದಿಂದಲೂ ಅವಳಿಗೆ ಗಂಡನ ಮುಖ ನಿಚ್ಚಳವಾಗಿ ಕಂಡಿತು. ಅವನ ಮುಂದೆ ಯಾರೂ ಅಡ್ಡ ಇರಲಿಲ್ಲ. ಅವನ ಕೆನ್ನೆ ಉಬ್ಬಿತ್ತು. ಉಸಿರು ಹಿಡಿದಿಟ್ಟು, ಮೂಗಿನಿಂದ ಮೆಲ್ಲಗೆ ಬಿಟ್ಟ.

ಅವಳು ಊದಿದಳು.

ಕ್ರೀಡಾಂಗಣ ಹುಚ್ಚೆದ್ದಿತು. ಗಂಡನ ಅಂಗಳದಲ್ಲಿ, ಗಂಡನ ಮೂಗಿನ ಕೆಳಗೆ, ನಡುಗೆರೆಯಿಂದ ಸೀಟಿ. ಗೋಡೆಗೆ ಐದನೆಯ ಫೌಲ್, ಗುಬ್ಬಿಗೆ ಎರಡು ಫ್ರೀ ಥ್ರೋ. ನೀಲಿಯ ಕೋಚ್ ಗೆರೆ ದಾಟಿ ಬಂದ.

"ಮೇಡಂ, ಅದು ನಿಮ್ ಜಾಗ ಅಲ್ಲ. ಸರ್ ಅಲ್ಲೇ ನಿಂತಿದ್ರು, ಕೈ ಚಾಚಿದ್ರೆ ಸಿಗೋಷ್ಟು ಹತ್ರ. ಅವ್ರೇ ಊದಿಲ್ಲ. ಕೇಳಿ ಬೇಕಿದ್ರೆ."

ಗಂಡ ನಡೆದು ಬಂದು ಕೋಚ್‌ಗೂ ಅವಳಿಗೂ ನಡುವೆ ನಿಂತ. ತಾನು ಹೇಳದೆ ಮಾಡಿದ್ದಕ್ಕೆ ಅವನು ಈಗ ಸೇರಿಸಿ ಕೊಟ್ಟರೂ ಅನ್ಯಾಯವಲ್ಲ ಅಂತ ಅವಳಿಗೆ ಅನ್ನಿಸಿತು.

"ನಂಗೆ ಅಡ್ಡ ಇತ್ತು" ಅಂದ ಅವನು, ಎಲ್ಲರಿಗೂ ಕೇಳುವಂತೆ. "ಕಾಣಲಿಲ್ಲ. ಮೇಡಂಗೆ ಕಂಡಿದೆ, ಊದಿದಾರೆ. ಹೋಗಿ, ಗೆರೆ ಆಚೆ ನಿಂತ್ಕೊಳ್ಳಿ."

ಇಷ್ಟು ವರ್ಷದ ಸಂಸಾರದಲ್ಲಿ ನಂಗೆ ಕಾಣಲಿಲ್ಲ ಅನ್ನುವ ಮಾತು ಅವನ ಬಾಯಿಂದ ಅವಳು ಕೇಳಿರಲಿಲ್ಲ. ಕನ್ನಡಕ ಎದುರಿಗಿದ್ದು ಕಾಣದಿದ್ದರೂ, ಯಾರೋ ಬಚ್ಚಿಟ್ಟಿದ್ದಾರೆ ಅನ್ನುವ ಗಂಡಸು ಅವನು.

ಗೋಡೆ ಹೊರಗೆ ಹೋಗುವಾಗ ಅವಳ ಎದುರು ಒಂದು ಕ್ಷಣ ನಿಂತಳು. ಸಿಟ್ಟಿರಲಿಲ್ಲ, ಕಣ್ಣು ತುಂಬಿತ್ತು. "ಯಾವ್ದು ತಪ್ಪು ಅಂತ ಗೊತ್ತಾಗ್ಲೇ ಇಲ್ಲ ಮೇಡಂ. ಗೊತ್ತಿದ್ರೆ ಮಾಡ್ತಿರ್ಲಿಲ್ಲ" ಅಂದು ಬೆಂಚಿಗೆ ಹೋಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಗುಬ್ಬಿ ಎರಡೂ ಚೆಂಡು ಹಾಕಿದಳು. ಬಿಳಿ ಗೆದ್ದಿತು.

ಕೋಣೆಯ ಬಾಗಿಲ ಹೊರಗೆ ದೊಡ್ಡಮ್ಮ ಕಾಯುತ್ತಿದ್ದರು. ಗಂಡ ಒಳಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆಯುತ್ತಿದ್ದ. ತೆಳು ಬಾಗಿಲು, ನೀರಿನ ಸದ್ದು ಹೊರಗೆ ಕೇಳುತ್ತಿತ್ತು.

"ನನ್ ಕೆಲಸ ಅವ್ನೇ ಸುಲಭ ಮಾಡ್ಬಿಟ್ಟ" ಅಂದರು ದೊಡ್ಡಮ್ಮ. "ಕಾಣಲಿಲ್ಲ ಅಂತ ತಾನೇ ಒಪ್ಕೊಂಡ. ಅಷ್ಟು ಹತ್ರದ್ದು ಕಾಣದೋನನ್ನ ನಾನು ಇನ್ನು ಯಾವ ಆಟಕ್ಕೂ ಹಾಕಲ್ಲ. ನೀನು ಚೆನ್ನಾಗಿ ಧೈರ್ಯ ಮಾಡ್ದೆ. ಫೈನಲ್ ನಿಂದು, ಹೊಸ ಜೋಡಿ ಕೊಡ್ತೀನಿ. ಹೂಂ ಅನ್ನು, ಮುಗೀತು."

ಒಳಗೆ ನಲ್ಲಿ ನಿಂತಿತು.

ಕೇಳಿದ್ದು ಕೈಗೆ ಬಂದಿತ್ತು. ಹೂಂ ಅಂದರೆ ಸಾಕು. ಆದರೆ ಅವನು ಇವಳ ಸೀಟಿ ಉಳಿಸಲು ತನ್ನ ಕಣ್ಣನ್ನೇ ಕೊಟ್ಟುಬಂದಿದ್ದ. ಅವನಿಗೆ ಕಂಡಿತ್ತು ಅಂತ ನಿಜ ಹೇಳಿದರೆ, ಕಂಡೂ ಊದದವನು ಅನ್ನುವ ಹೆಸರು. ಹೇಳದಿದ್ದರೆ ಕಣ್ಣಿಲ್ಲದವನು ಅನ್ನುವ ಹೆಸರು. ಅವಳು ಸೀಟಿಯ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅವ್ರಿಗೆ ಕಂಡಿತ್ತು ದೊಡ್ಡಮ್ಮ."

"ಮತ್ತೆ ಊದ್ಲಿಲ್ಲ ಯಾಕೆ?"

"ಮೂರನೇ ಕ್ವಾರ್ಟರ್‌ನಲ್ಲಿ ನಾನೂ ಊದ್ಲಿಲ್ಲ. ಆ ಹುಡುಗಿ ತುಟಿ ಒಡೆದಿದ್ದು ನನ್ ಕಣ್ಣೆದುರಿಗೆ. ನಂಗೂ ಕಂಡಿತ್ತು. ಆಟಕ್ಕೆ ಮುಂಚೆ ನಾವಿಬ್ರೂ ಮಾತೇ ಆಡ್ಲಿಲ್ಲ. ನಾನು ಅವ್ರಿಗೆ ಹೇಳದೆ ಬೇರೆ ಜೋಡಿ ಕೇಳಿದ್ದೆ, ಅದಕ್ಕೆ ಅವ್ರು ಮುನಿಸ್ಕೊಂಡ್ರು, ನಾನೂ ಬಿಗ್ಕೊಂಡು ಕೂತೆ. ಆ ಮಕ್ಕಳು ಇವತ್ತು ಎರಡು ಆಟ ಆಡಿದ್ರು. ಅವ್ರೊಬ್ರ ತಪ್ಪಲ್ಲ."

ದೊಡ್ಡಮ್ಮ ಬ್ಯಾಗಿನ ಜಿಪ್ ಎಳೆದರು. "ಮಾತಾಡದೆ ಇಳಿದೋರಿಗೆ ನಾನು ಮುಂದಿನ ಆಟ ಕೊಡಲ್ಲ. ಗೊತ್ತಲ್ವಾ?"

"ಗೊತ್ತು."

"ಹಾಗಾದ್ರೆ ಫೈನಲ್ ಇಬ್ರಿಗೂ ಇಲ್ಲ. ಆಮೇಲಿಂದು ಆಮೇಲೆ ನೋಡ್ತೀನಿ." ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟವರು ಎರಡು ಹೆಜ್ಜೆ ಹೋಗಿ ತಿರುಗಿದರು. "ಜೋಡಿ ಬದಲಿಸ್ಬೇಕೋ ಬೇಡ್ವೋ ಅಂತ ನೀನಿನ್ನೂ ಹೇಳ್ಲೇ ಇಲ್ಲ."

"ಮೊದ್ಲು ಅವ್ರನ್ನ ಕೇಳ್ತೀನಿ" ಅಂದಳು ಅವಳು.

ಹೊರಗೆ ಇನ್ನೂ ಬಿಸಿಲಿತ್ತು. ಡ್ರೈವಿಂಗ್ ಶಾಲೆಯ ಕಾರಿನ ಬಳಿ ಅವನು ಕೀಲಿ ಅವಳ ಕೈಗಿಟ್ಟು, ತಾನು ಮೇಷ್ಟ್ರ ಜಾಗಕ್ಕೆ ಹೋಗಿ ಕೂತ. ಅವಳು ಕಾರು ತೆಗೆದಳು. ಬಾಗಿಲ ಹಿಂದಿನಿಂದ ಅವನಿಗೆ ಎಷ್ಟು ಕೇಳಿಸಿತ್ತೋ ಗೊತ್ತಿಲ್ಲ. ಅವನನ್ನು ಕೇಳಬೇಕಾದ್ದನ್ನು ಎಲ್ಲಿಂದ ಶುರುಮಾಡಬೇಕು ಅಂತ ಅವಳು ಒಳಗೇ ಮಗುಚಿ ಹಾಕುತ್ತಿದ್ದಳು.

ಎರಡನೆಯ ತಿರುವಿನಲ್ಲಿ ಗಲ್ಲಿಯೊಳಗಿಂದ ಒಂದು ಸೈಕಲ್ ಏಕಾಏಕಿ ಅಡ್ಡ ಬಂತು. ಅವಳ ಕಾಲು ಬ್ರೇಕಿಗೆ ಹೋಯಿತು. ಅಷ್ಟರಲ್ಲಿ ಪೆಡಲು ಆಗಲೇ ಕೆಳಗಿಳಿದಿತ್ತು. ಕಾರು ಗಕ್ಕನೆ ನಿಂತಿತು. ಸೈಕಲ್ಲಿನವನು ಕೈ ಎತ್ತಿ ಹೊರಟುಹೋದ. ಅವಳು ಪಕ್ಕಕ್ಕೆ ನೋಡಿದಳು. ಗಂಡನ ಕಾಲು ಅವನ ಬ್ರೇಕಿನ ಮೇಲಿತ್ತು.

"ನಾನೇ ಹಾಕ್ತಿದ್ದೆ" ಅಂದಳು.

"ಗೊತ್ತು" ಅಂದ ಅವನು. ಕಾಲು ತೆಗೆದ. "ಆದ್ರೆ ನಂಗೂ ಕಂಡ್ತಲ್ಲ."

ಹಿಂದಿನ ಗಾಡಿ ಹಾರನ್ ಮಾಡಿತು. ಅವಳು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಎಂಜಿನ್ ಆರಿಸಿದಳು. ಅವನು ಕೂತಲ್ಲೇ ಅವಳ ಕಡೆ ತಿರುಗಿ ಕೂರಲು ಹೊರಳಾಡಿದ. ಆ ಪುಟ್ಟ ಕಾರಿನಲ್ಲಿ ಅವನ ಮೊಣಕಾಲು ಗೇರಿಗೆ ತಾಗಿತು.

"ಹೇಳು" ಅಂದ. "ಸೊಂಟದ ಮೇಲೆ ಕೈ ಇಟ್ರೆ?"

"ಮುಟ್ಟಿ ತೆಗೆದ್ರೆ ಬಿಡೋದು" ಅಂದಳು ಅವಳು. "ಇಟ್ಟೇ ಇದ್ರೆ ಊದೋದು."

"ಎಷ್ಟೊತ್ತು ಇಟ್ರೆ ಇಟ್ಟಂಗೆ?"

ಅಲ್ಲಿಂದ ಜಗಳ ಶುರುವಾಯಿತು.